ಭಾರದ ಪಿಸ್ತೂಲು

ಎಮರಿ ಬ್ಲೆವಿನ್ಸ್ ಪಿಸ್ತೂಲು ಕೊಳ್ಳಲು ಹೊರಟ ಕಾಲಕ್ಕೆ ಅವನಿಂದ ಚರ್ಚಿನ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಲು ಆಗುತ್ತಿರಲಿಲ್ಲ. ನಡುವೆ ನಿಂತು, ಬೂಟಿನ ಲೇಸು ಬಿಚ್ಚಿದೆ ಎಂಬಂತೆ ಬಗ್ಗುತ್ತಿದ್ದ. ನಮ್ಮ ಕಣಿವೆಯಲ್ಲಿ ಹೀಗೆ ಲೇಸು ಬಿಗಿದುಕೊಳ್ಳುವ ಗಂಡಸರು ಬಹಳ ಮಂದಿ. ಎಲ್ಲರೂ ಕಲ್ಲಿದ್ದಲ ಗಣಿಯಲ್ಲಿ ದುಡಿದವರು. ಯಾರ ಲೇಸೂ ಬಿಚ್ಚಿರುವುದಿಲ್ಲ. ಹಿಂದೆ ಬರುವವರು ಕಂಡೂ ಕಾಣದಂತೆ ದಾಟಿ ಹೋಗಬೇಕು, ಇಲ್ಲವೇ ತಾವೂ ಬಗ್ಗಿ ತಮ್ಮ ಲೇಸು ಹಿಡಿಯಬೇಕು. ಪಶ್ಚಿಮ ವರ್ಜಿನಿಯಾದ ಈ ಗುಡ್ಡಗಳ ಸಂದಿಯಲ್ಲಿ ಮರ್ಯಾದೆ ಎಂದರೆ ಇದೇ.

ಎಮರಿ ಗಣಿಯ ಸೂರಿಗೆ ಬೋಲ್ಟು ಹೊಡೆಯುವ ಕೆಲಸದವನು. ಮೇಲಿನ ಬಂಡೆ ಕುಸಿದು ಕೆಳಗಿನವರ ಮೇಲೆ ಬೀಳದಂತೆ ಅದಕ್ಕೆ ತೂತು ಕೊರೆದು ಕಬ್ಬಿಣದ ಸಲಾಕೆ ಬಿಗಿಯಬೇಕು. ಕೊರೆದಷ್ಟೂ ಕಲ್ಲಿನ ಹಿಟ್ಟು ಮುಖದ ಮೇಲೆ ಸುರಿಯುತ್ತದೆ. ಆ ಹಿಟ್ಟು ಕಲ್ಲಿದ್ದಲ ಧೂಳಿಗಿಂತ ಕೆಟ್ಟದ್ದು. ಎದೆಯೊಳಗೆ ಇಳಿದರೆ ಮತ್ತೆ ಹೊರಗೆ ಬರುವುದಿಲ್ಲ. ಕಂಪನಿ ಧೂಳು ಅಳೆಯುವ ಯಂತ್ರ ಕೊಟ್ಟಿತ್ತು. ಅಳತೆ ಕಡಿಮೆ ತೋರಿಸಲೆಂದು ಅದನ್ನು ಊಟದ ಡಬ್ಬಿಯೊಳಗೆ ಮುಚ್ಚಿಡಿ ಎಂದು ಮೇಸ್ತ್ರಿಯೇ ಹೇಳಿಕೊಟ್ಟಿದ್ದ. ಆ ಮೇಸ್ತ್ರಿಯ ಹೆಸರು ಗಾರ್ಲೆಂಡ್ ಪ್ರೂಯಿಟ್.

ದೊಡ್ಡ ಮುಷ್ಕರದಲ್ಲಿ ನಾನೂ ಎಮರಿಯೂ ರಸ್ತೆಗೆ ಅಡ್ಡ ಮಲಗಿ ಕಂಪನಿಯ ಲಾರಿ ತಡೆದವರು. ಪೊಲೀಸರು ನಮ್ಮನ್ನು ಕಾಲು ಹಿಡಿದು ಚರಂಡಿಗೆ ಎಳೆದರು. ಗಾರ್ಲೆಂಡ್ ನಮ್ಮನ್ನು ದಾಟಿಕೊಂಡು ಕೆಲಸಕ್ಕೆ ಹೋದ. ಆ ಚಳಿಗಾಲದಲ್ಲಿ ಮನೆಯಲ್ಲಿ ಬೀನ್ಸೂ ಮುಗಿದಾಗ ಎಮರಿ ತನ್ನ ಪಿಸ್ತೂಲು ಮಾರಿದ. ಅವನಪ್ಪನಿಂದ ಬಂದದ್ದು. ಊರಿನ ಅಗ್ನಿಶಾಮಕ ಠಾಣೆಯ ಹಿಂದೆ ಪ್ರತಿ ಶರತ್ಕಾಲದಲ್ಲಿ ಗುರಿ ಹೊಡೆಯುವ ಪಂದ್ಯ ನಡೆಯುತ್ತದೆ. ಗೆದ್ದವನಿಗೆ ಉಪ್ಪು ಸವರಿ ಹೊಗೆಗೆ ಕಟ್ಟಿದ ಇಡೀ ಹಂದಿತೊಡೆ ಬಹುಮಾನ. ಅಲ್ಲಿಯವರೆಗೆ ಎಮರಿಯದೇ ಮೇಲುಗೈ. ಮಾರಿದ ಮೇಲೆ ಎರವಲು ಪಿಸ್ತೂಲಿನಲ್ಲಿ ಹೊಡೆಯುತ್ತಿದ್ದ. ತೊಡೆ ವರ್ಷ ವರ್ಷವೂ ಗಾರ್ಲೆಂಡನ ಮನೆಗೆ ಹೋಯಿತು.

ಎದೆ ಪೂರ್ತಿ ಕೆಟ್ಟ ಮೇಲೆ ಎಮರಿ ಪರಿಹಾರಕ್ಕೆ ಅರ್ಜಿ ಹಾಕಿದ. ಆ ಅರ್ಜಿಗಳ ಹಿಂದೆ ಓಡಾಡುವ ಕೆಲಸವನ್ನು ಯೂನಿಯನ್ ನನ್ನ ಹೆಗಲಿಗೆ ಹಾಕಿತ್ತು. ನಮ್ಮ ವೈದ್ಯ ಎಕ್ಸ್‌ರೇ ನೋಡಿ ಧೂಳಿನ ರೋಗ ಎಂದ. ಕಂಪನಿಯ ವೈದ್ಯ ಅದೇ ಎಕ್ಸ್‌ರೇ ನೋಡಿ ಸಿಗರೇಟು ಎಂದ. ಇಬ್ಬರು ವೈದ್ಯರು ಹೀಗೆ ಎದುರುಬದುರಾದರೆ ನ್ಯಾಯಾಧೀಶರು ಮನುಷ್ಯನ ಕಡೆ ನೋಡುತ್ತಾರೆ. ಅವನು ಏನು ಮಾಡಬಲ್ಲ, ಏನು ಮಾಡಲಾರ ಎಂದು. ಅದು ಕಂಪನಿಗೂ ಗೊತ್ತು. ಪರಿಹಾರ ಸಿಕ್ಕರೆ ಆಮ್ಲಜನಕದ ಯಂತ್ರ, ಔಷಧಿ, ಹೆಂಡತಿ ಓಪಲ್‌ಗೆ ಒಲೆ ಉರಿಯುವಷ್ಟು ಆಸರೆ. ಸಿಗದಿದ್ದರೆ ಏನೂ ಇಲ್ಲ. ವಿಚಾರಣೆ ಚಳಿಗಾಲಕ್ಕೆ ಬೀಳುವುದಿತ್ತು.

ಅಷ್ಟರಲ್ಲಿ ಎಮರಿ ತನ್ನ ಮೀನಿನ ದೋಣಿ ಮಾರಿದ. ಅದನ್ನು ನೀರಿಗೆ ಎಳೆಯುವ ಶಕ್ತಿ ಹೇಗೂ ಉಳಿದಿರಲಿಲ್ಲ. ಮಾರಿದ ಹಣದಲ್ಲಿ ತನ್ನದೇ ಒಂದು ಪಿಸ್ತೂಲು ಕೊಂಡು, ಒಂದು ಸಲವಾದರೂ ಗಾರ್ಲೆಂಡನ ಎದುರು ನಿಲ್ಲುತ್ತೇನೆ ಎಂದ. ನಾನು ತಲೆ ಚಚ್ಚಿಕೊಂಡೆ.

ಮೊಳೆ, ಕೋಳಿಕಾಳು, ಬಂದೂಕು ಎಲ್ಲ ಒಂದೇ ಸೂರಿನಡಿ ಮಾರುವ ವರ್ನಾಳ ಅಂಗಡಿಗೆ ಅವನ ಜೊತೆ ನಾನೂ ಹೋದೆ. ವರ್ನಾ ಗಾಜಿನ ಪೆಟ್ಟಿಗೆಯ ಮೇಲೆ ಬಟ್ಟೆ ಹಾಸಿ ಎರಡು ಪಿಸ್ತೂಲು ಇಟ್ಟಳು. ಎರಡೂ ಪೂರ್ತಿ ಗಾತ್ರದವು, ಜೇಬಿಗೆ ಹಾಕಿಕೊಳ್ಳುವ ಮರಿಗಳಲ್ಲ. ಒಂದು ನಖಶಿಖಾಂತ ಉಕ್ಕು. ಇನ್ನೊಂದರ ಮೈ ಪ್ಲಾಸ್ಟಿಕ್ಕು, ಕೊಳವೆ ಮಾತ್ರ ಲೋಹ. ಎರಡಕ್ಕೂ ಒಂದೇ ಗುಂಡು. ಉಕ್ಕಿನದರ ಟ್ರಿಗರ್ ಗಾಜಿನ ಕಡ್ಡಿ ಮುರಿದಂತೆ ಚಿಟ್ಟೆಂದು ಬಿಡುತ್ತಿತ್ತು. ಪ್ಲಾಸ್ಟಿಕ್ಕಿನದು ಸ್ವಲ್ಪ ಜಗ್ಗಿ ಜಗ್ಗಿ ಬರುತ್ತಿತ್ತು. ಆದರೆ ಉಕ್ಕಿನದನ್ನು ಕೈ ಚಾಚಿ ಹಿಡಿದರೆ ಗಟ್ಟಿಮುಟ್ಟಾದವನಿಗೂ ಭುಜ ಉರಿಯುವ ಭಾರ. ನಮ್ಮ ಠಾಣೆಯ ಪಂದ್ಯದಲ್ಲಿ ಒಂಟಿ ಕೈಯಲ್ಲೇ ಹೊಡೆಯಬೇಕು. ಎರಡನೆಯ ಕೈ ತಾಗಿಸಿದರೆ ಹೊರಗೆ.

ಕಬ್ಬಿಣದ ಒಲೆಯ ಸುತ್ತ ಕೂತ ಮುದುಕರು ಬಿಟ್ಟಿ ಸಲಹೆ ಶುರು ಮಾಡಿದರು. ವರ್ನಾ ಹಗುರದ್ದನ್ನು ಅವನ ಕಡೆ ಸರಿಸಿದಳು.

"ನನ್ ಮಾತ್ ಕೇಳು ಎಮರಿ. ಇದೇ ಸಾಕು ನಿಂಗೆ. ಆ ಉಕ್ಕಿಂದು ಹೇಸರಗತ್ತೆ ಇದ್ದಂಗಿದೆ."

"ಹೇಸರಗತ್ತೆ ನಿಂತ್ರೆ ಜಾಗ ಬಿಟ್ಟು ಕದಲಲ್ಲ ವರ್ನಾ. ನಂಗೆ ಬೇಕಿರೋದೂ ಅದೇ."

ಒಲೆಯ ಪಕ್ಕದಿಂದ ಗಾರ್ಲೆಂಡ್ ಬಾಯಿ ಹಾಕಿದ.

"ಹಗುರದ್ದೇ ತಗೊಳ್ಳೋ ಮಾರಾಯ. ಭಾರದ್ದು ತಗೊಂಡ್ರೆ ಕೈ ಎತ್ತಿ ಹಿಡಿಯೋಕೆ ಓಪಲ್‌ನ ಕರ್ಕೊಂಡ್ ಬರ್ಬೇಕಾಗುತ್ತೆ."

ಎಲ್ಲರೂ ನಕ್ಕರು. ನಗುವಿನ ಕೊನೆಗೆ ಅರ್ಧ ಜನ ಕೆಮ್ಮಿದರು. ಎಮರಿಯೂ ನಕ್ಕ.

ಅಂಗಡಿಯ ಹಿಂದಿನ ಮಣ್ಣುದಿಬ್ಬದ ಎದುರು ಎರಡನ್ನೂ ಹೊಡೆದು ನೋಡಲು ವರ್ನಾ ಬಿಟ್ಟಳು. ಗುರಿ ಹೊಡೆಯುವುದೆಂದರೆ ಮುಕ್ಕಾಲು ಪಾಲು ಉಸಿರಿನ ಕೆಲಸ. ಎಳೆದುಕೊಂಡು, ಅರ್ಧ ಬಿಟ್ಟು, ಉಳಿದರ್ಧವನ್ನು ಒಳಗೇ ನಿಲ್ಲಿಸಿ ಬೆರಳು ಒತ್ತಬೇಕು. ನಿಲ್ಲಿಸಲು ಎಮರಿಯ ಬಳಿ ಉಸಿರು ಎಲ್ಲಿತ್ತು? ಹಗುರದ್ದು ಅವನ ಕೈಯಲ್ಲಿ ಗಾಳಿಗೆ ಸಿಕ್ಕ ರೆಂಬೆಯಂತೆ ಆಡಿತು. ಗುಂಡುಗಳು ಕಾಗದದ ಮೂಲೆ ಮೂಲೆಗೆ ಚದುರಿದವು. ಆಮೇಲೆ ಉಕ್ಕಿನದನ್ನು ಎತ್ತಿದ. ಎತ್ತುವಾಗ ಕತ್ತಿನ ನರ ಉಬ್ಬಿತು. ಆದರೆ ಒಮ್ಮೆ ಮೇಲೆ ಬಂದ ಮೇಲೆ ಅದರ ಭಾರವೇ ಅದನ್ನು ಹಿಡಿದು ನಿಲ್ಲಿಸಿತು. ಗುಂಡುಗಳೆಲ್ಲ ಒಂದು ಬಟ್ಟಲಿನ ಅಗಲದೊಳಗೆ ಬಿದ್ದವು. ಕೈ ಇಳಿಸಿ, ನಮಗೆ ಬೆನ್ನು ಮಾಡಿ, ಬಹಳ ಹೊತ್ತು ಲೇಸು ಕಟ್ಟಿಕೊಂಡ.

ವರ್ನಾ ಒಳಗೆ ಹೋದ ಮೇಲೆ ನಾನು ಬಿಡಿಸಿ ಹೇಳಿದೆ. ಹಗುರದ್ದು ತೆಗೆದುಕೊಂಡು ಸೋಲು, ಯಾರ ಕಣ್ಣಿಗೂ ಬೀಳುವುದಿಲ್ಲ. ಭಾರದ್ದನ್ನು ಎತ್ತಿ ಗೆದ್ದರೆ, ಉಸಿರಿಲ್ಲ ಎಂದು ಅರ್ಜಿ ಹಾಕಿದವನು ಉಸಿರು ಕಟ್ಟಿ ಗುರಿ ಹೊಡೆದ ಎಂದು ಕಂಪನಿಯವರು ಕುಣಿಯುತ್ತಾರೆ. ಪಂದ್ಯವನ್ನೇ ಬಿಟ್ಟರೆ ಇನ್ನೂ ಒಳ್ಳೆಯದು. ಎಮರಿ ಬಿಸಿಯಾಗಿದ್ದ ಪಿಸ್ತೂಲನ್ನು ಅಂಗಿಯ ಅಂಚಿನಿಂದ ಒರೆಸುತ್ತ ಕೇಳಿಸಿಕೊಂಡ.

"ಹಗುರದ್ದು ಚಾಡಿಕೋರ ಕಣೋ," ಅಂದ. "ನಾನು ಒಂದೊಂದ್ ಉಸಿರು ಎಳೆದಾಗ್ಲೂ ಅದರ ಮೂತಿ ಕುಣಿಯುತ್ತೆ. ನೋಡೋರಿಗೆಲ್ಲ ಹೇಳ್ಬಿಡುತ್ತೆ. ಇದು ಬಾಯಿ ಬಿಡಲ್ಲ."

ಬಾಯಿ ಬಿಡದಿರುವುದೇ ನಿನಗೆ ಕೇಡು ಎಂದೆ. ಗಾರ್ಲೆಂಡನ ಮುಂದೆ ನಡುಗುತ್ತ ನಿಲ್ಲುವುದಕ್ಕಿಂತ ಮಣ್ಣಿಗೆ ಹೋಗುವುದು ಮೇಲು ಎಂದ. ಪಿಸ್ತೂಲು ಆರಿಸಲು ಬಂದವನು ಆರಿಸುತ್ತಿದ್ದದ್ದು ಬೇರೆಯದನ್ನೇ. ಉಕ್ಕಿನದನ್ನೇ ಕೊಂಡ.

ಪಂದ್ಯದ ದಿನ ಠಾಣೆಯ ಹಿಂದಿನ ಹೊಳೆದಂಡೆಯಲ್ಲಿ ಊರೆಲ್ಲ ಸೇರಿತ್ತು. ಹೆಂಗಸರು ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು ಬಡಿಸುತ್ತಿದ್ದರು. ಎಮರಿ ಬೆಳಿಗ್ಗೆಯಿಂದ ಯಾರೊಂದಿಗೂ ಮಾತಾಡದೆ ಮಡಚುವ ಕುರ್ಚಿಯಲ್ಲಿ ಕೂತು ಉಸಿರು ಉಳಿಸುತ್ತಿದ್ದ. ಕರೆದಾಗ ಎದ್ದ. ಒಂದು ಗುಂಡು ಹೊಡೆದು ಕೈ ಇಳಿಸುತ್ತಿದ್ದ, ಟೋಪಿ ಸರಿಪಡಿಸುತ್ತಿದ್ದ, ಹೊಳೆಯ ಕಡೆ ನೋಡುತ್ತಿದ್ದ, ಮತ್ತೆ ಎತ್ತುತ್ತಿದ್ದ. ಜನಕ್ಕೆ ಅದು ಹಳೆಯ ಹುಲಿಯ ಗತ್ತಿನಂತೆ ಕಂಡಿತು. ನನಗೆ ಅವನ ಅಂಗಿಯ ಬೆನ್ನು ಏರಿಳಿಯುವುದು ಕಾಣುತ್ತಿತ್ತು. ಅವನ ಕಾಗದದ ನಡುವೆ ಒಂದೇ ಹರಕು ತೂತು. ಗಾರ್ಲೆಂಡನ ಒಂದು ಗುಂಡು ಹೊರಗಿನ ಗೆರೆ ಮುಟ್ಟಿತ್ತು.

ಹಂದಿತೊಡೆ ತಂದರು. ಗೆದ್ದವನು ಅದನ್ನು ತಲೆಯ ಮೇಲೆ ಎತ್ತಿ ಹಿಡಿಯುವುದು ಇಲ್ಲಿನ ರೂಢಿ. ಯಾರಾದರೂ ಹಿಡಿದುಕೊಡುತ್ತಾರೆ ಎಂದುಕೊಂಡು ನಾನು ಮುಂದೆ ಹೋದೆ. ಎಮರಿ ನನ್ನ ಕೈ ತಳ್ಳಿದ. ಎರಡೂ ತೋಳು ಮೇಲಕ್ಕೆತ್ತಿ, ಹಲ್ಲು ಬಿಟ್ಟು ನಿಂತ. ವಾರಪತ್ರಿಕೆಯ ಹುಡುಗಿ ಫೋಟೊ ಹೊಡೆದಳು. ಚಪ್ಪಾಳೆ ಮುಗಿಯುವವರೆಗೂ ಅವನು ಅದನ್ನು ಇಳಿಸಲಿಲ್ಲ.

ಆಮೇಲೆ ಠಾಣೆಯ ಬೆಂಕಿ ಆರಿಸುವ ಲಾರಿಯ ಹಿಂದೆ ನೋಡಿದರೆ, ಎಮರಿ ಅದರ ಗಾಲಿ ತಬ್ಬಿಕೊಂಡು ಮಂಡಿಯೂರಿದ್ದ. ತುಟಿ ನೀಲಿ. ಉಗಿದದ್ದು ಮಸಿ ಕಲಸಿದ ಹಾಗಿತ್ತು. ಓಪಲ್ ಬೆನ್ನು ಉಜ್ಜುತ್ತಿದ್ದಳು. ನನ್ನನ್ನು ಕಂಡು, ಇತ್ತ ಯಾರನ್ನೂ ಬಿಡಬೇಡ ಎಂದು ಕೈಸನ್ನೆ ಮಾಡಿದಳು. ನಾನು ಕಾವಲು ನಿಂತೆ.

ವಿಚಾರಣೆ ಜಿಲ್ಲಾ ಕೇಂದ್ರದ ಕೋರ್ಟಿನಲ್ಲಿ. ಹಿಂದಿನ ಬೆಂಚುಗಳ ತುಂಬ ನಮ್ಮವರೇ. ಗಾರ್ಲೆಂಡನೂ ಇದ್ದ. ಅವನದೂ ಧೂಳಿನ ಅರ್ಜಿ, ಎಮರಿಯದರ ನಂತರ ಅವನ ಸರದಿ. ಮೇಸ್ತ್ರಿ ಎಂದು ಧೂಳೇನೂ ಅವನನ್ನು ಬಿಟ್ಟಿರಲಿಲ್ಲ.

ಕಂಪನಿಯ ವಕೀಲ ಎಳೆಯ ಮನುಷ್ಯ, ಬಹಳ ವಿನಯ. ಎಮರಿಗೆ "ಸರ್" ಎನ್ನುತ್ತಿದ್ದ. ಫೋಟೊವನ್ನು ದೊಡ್ಡದು ಮಾಡಿಸಿ ತಂದಿದ್ದ. ಹಂದಿತೊಡೆ ಎತ್ತಿ ನಗುತ್ತಿರುವ ಎಮರಿ. ಸೊಂಟದಲ್ಲಿ ಪಿಸ್ತೂಲು. ಗೆದ್ದದ್ದು ನೀವೇ ತಾನೇ ಎಂದು ಕೇಳಿದ. ಹೌದು ಎಂದ ಎಮರಿ. ಹೊಡೆಯುವಾಗ ಉಸಿರು ಕಟ್ಟಬೇಕಲ್ಲವೇ ಎಂದ. ಹೌದು. ಪಿಸ್ತೂಲು ಎಂಥದ್ದು ಎಂದು ಕೇಳಿ, ಭಾರದ್ದು ಎಂದು ಅವನ ಬಾಯಿಂದಲೇ ಹೇಳಿಸಿದ.

ನಮ್ಮ ವಕೀಲೆ ಎದ್ದು, ನ್ಯಾಯಾಧೀಶರ ಅಪ್ಪಣೆ ಪಡೆದು, ಎಮರಿಗೆ ದಾರಿ ತೆರೆದುಕೊಟ್ಟಳು.

"ಅಂಗಡಿಯಲ್ಲಿ ಹಗುರದ್ದೂ ಇತ್ತಲ್ಲ, ಬ್ಲೆವಿನ್ಸ್ ಅವರೇ. ಭಾರದ್ದನ್ನೇ ಯಾಕೆ ಆರಿಸಿದ್ರಿ? ಹೇಳಿ ಇವರಿಗೆ."

ಒಂದೇ ಮಾತು ಸಾಕಿತ್ತು. ಹಗುರದ್ದು ನನ್ನ ಕೈಯಲ್ಲಿ ನಡುಗುತ್ತದೆ, ಭಾರದ್ದು ನಡುಕ ಮುಚ್ಚುತ್ತದೆ ಎಂದು. ಮಣ್ಣುದಿಬ್ಬದ ಹತ್ತಿರ ನನಗೆ ಹೇಳಿದ್ದನ್ನೇ ಅಲ್ಲಿ ಹೇಳಬೇಕಿತ್ತು. ಎಮರಿ ಹಿಂದಿನ ಬೆಂಚುಗಳತ್ತ ನೋಡಿದ. ಗಾರ್ಲೆಂಡ್ ಮುಂದಕ್ಕೆ ಬಾಗಿ ಕೂತಿದ್ದ. ಓಪಲ್ ಏಳಲು ಹೋದಳು. ಎಮರಿ ಅವಳತ್ತ ಒಂದು ನೋಟ ಬಿಟ್ಟ. ಅವಳು ಕೂತಳು.

"ನಂಗೆ ಅದು ಭಾರ ಅನ್ನಿಸ್ಲಿಲ್ಲ," ಅಂದ ಎಮರಿ.

ವಕೀಲೆ ಅದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಕೇಳಿದಳು. ಅವನು ಅದೇ ಉತ್ತರ ಕೊಟ್ಟ. ಬೆಂಚುಗಳಲ್ಲಿದ್ದ ಪ್ರತಿಯೊಬ್ಬನಿಗೂ ಅದು ಸುಳ್ಳು ಎಂದು ಗೊತ್ತಿತ್ತು. ಅವನ ಜಾಗದಲ್ಲಿದ್ದರೆ ಪ್ರತಿಯೊಬ್ಬನೂ ಅದೇ ಸುಳ್ಳು ಹೇಳುತ್ತಿದ್ದ.

ಗಾರ್ಲೆಂಡನನ್ನು ಬಿಟ್ಟು. ಅವನು ಸಾಕ್ಷಿಯ ಕುರ್ಚಿಗೆ ಹೋಗುವಾಗ ಅರ್ಧ ದಾರಿಯಲ್ಲಿ ನಿಂತ. ಲೇಸಿಗೆ ಬಗ್ಗಲಿಲ್ಲ. ಎಲ್ಲರೆದುರು ಎದೆ ಹಿಡಿದು, ಬಾಯಿ ತೆರೆದು, ಮನಸೋ ಇಚ್ಛೆ ಕೆಮ್ಮಿದ. ಗಂಟಲಿನಿಂದ ಬಂದದ್ದನ್ನು ಕರವಸ್ತ್ರದಲ್ಲಿ ಹಿಡಿದು ನ್ಯಾಯಾಧೀಶರಿಗೆ ತೋರಿಸಿದ. ಅವನ ಎದೆಯೂ ಕೊಳೆತಿತ್ತು, ಅದರಲ್ಲಿ ಮೋಸವಿಲ್ಲ. ಅವನಿಗೆ ಪರಿಹಾರ ಸಿಕ್ಕಿತು. ಎಮರಿಯ ಅರ್ಜಿ ತಳ್ಳಿದರು. ಫೋಟೊ ನೋಡಿದ ಯಾರೇ ಆದರೂ ತಳ್ಳುತ್ತಿದ್ದರು ಎಂದು ನಮ್ಮ ವಕೀಲೆ ಕಾರಿನಲ್ಲಿ ಹೇಳಿದಳು.

ಆಮೇಲೆ ಅವನು ಬಹಳ ದಿನ ಬಾಳಲಿಲ್ಲ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಅಡುಗೆಮನೆಯ ಮೇಜಿನ ಮೇಲೆ ದಿಂಬಿಟ್ಟು, ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುತ್ತಿದ್ದ. ಯಂತ್ರಕ್ಕೆ ಚರ್ಚಿನವರು ಚಂದಾ ಎತ್ತಿದರು. ಯಂತ್ರ ಬಂದದ್ದು ತಡವಾಯಿತು. ವಸಂತದಲ್ಲಿ ಗುಡ್ಡದ ಮೇಲೆ ಕಾಡುಗಿಡಗಳು ಬಿಳಿ ಹೂ ಬಿಡುವ ಹೊತ್ತಿಗೆ ಹೋದ, ಮೇಜಿನ ಮೇಲೆ ತಲೆ ಇಟ್ಟುಕೊಂಡೇ.

ಶವ ಕೊಯ್ದು ನೋಡಿದರೆ ವಿಧವೆಯ ಅರ್ಜಿಗೆ ಬಲ ಬರುತ್ತದೆ ಎಂದು ಓಪಲ್‌ಗೆ ಹೇಳುವುದು ನನ್ನ ಪಾಲಿಗೆ ಬಂತು. ಅವಳು ಒಪ್ಪಿದಳು. ವೈದ್ಯರು ತೆಗೆದ ಶ್ವಾಸಕೋಶ ಟಾರು ರಸ್ತೆಯ ತುಂಡಿನಂತಿತ್ತಂತೆ, ಕೊಯ್ಯುವ ಚಾಕುವಿಗೆ ಕಲ್ಲು ಕರಕರ ಎಂದಿತಂತೆ. ಈ ಸಲ ಕಂಪನಿಯ ವೈದ್ಯ ಸಿಗರೇಟಿನ ಮಾತೆತ್ತಲಿಲ್ಲ. ಬದುಕಿದ್ದಾಗ ಎಮರಿ ಮುಚ್ಚಿಟ್ಟದ್ದು ಹೀಗೆ ಬಟ್ಟಲಲ್ಲಿ ಬಯಲಾಯಿತು. ಓಪಲ್‌ಗೆ ಪರಿಹಾರ ಬಂತು.

ಅದು ಬಂದ ವಾರ ಅವಳು ಪಿಸ್ತೂಲನ್ನು ಟವೆಲಿನಲ್ಲಿ ಸುತ್ತಿಕೊಂಡು ವರ್ನಾಳ ಅಂಗಡಿಗೆ ತಂದಳು. ನಾನು ಅಲ್ಲೇ ಇದ್ದೆ. ವರ್ನಾ ಅದನ್ನು ಕೈ ಚಾಚಿ ಹಿಡಿದು ನೋಡಿದಳು. ಅವಳ ತೋಳು ಬೇಗನೆ ಸೋತಿತು.

"ಆ ಎದೆ ಇಟ್ಕೊಂಡು ಇದನ್ನ ಹೇಗೆ ಎತ್ತಿದ್ನೋ ಮಹಾರಾಯ," ಅಂದಳು.

ಓಪಲ್ ಟವೆಲನ್ನು ಮಡಚುತ್ತಿದ್ದಳು.

"ಒಂದೆರಡು ಸಲ ಆದ್ಮೇಲೆ ಎತ್ತೋಕೆ ಎಲ್ಲಿ ಆಗ್ತಿತ್ತು ಅವನಿಗೆ. ಪಂದ್ಯಕ್ಕೆ ಮುಂಚೆ ದಿನಾ ಅಡುಗೆಮನೇಲಿ ಗುಂಡು ಹಾಕ್ದೆ ಅಭ್ಯಾಸ ಮಾಡ್ತಿದ್ದ. ಮೊಣಕೈ ಕೆಳಗೆ ನಾನು ಕೈ ಕೊಟ್ಟು ನಿಂತಿರ್ತಿದ್ದೆ. ದಿನಕ್ಕಿಷ್ಟು ಅಂತ ನನ್ ಕೈ ಆಸರೆ ಕಮ್ಮಿ ಮಾಡ್ಕೋತಾ ಬಂದೆ, ಅವನಿಗೆ ಗೊತ್ತಾಗ್ದಂಗೆ."

ಒಲೆಯ ಪಕ್ಕದಲ್ಲಿ ಗಾರ್ಲೆಂಡ್ ಕೂತಿದ್ದ, ಮೂಗಿಗೆ ಆಮ್ಲಜನಕದ ಕೊಳವೆ ಹಾಕಿಕೊಂಡು. ಕೈ ಎತ್ತಿ ಹಿಡಿಯಲು ಓಪಲ್ ಬೇಕಾಗುತ್ತದೆ ಎಂದು ಅಂದು ತಾನು ಆಡಿದ ಮಾತು ಅವನಿಗೆ ನೆನಪಿತ್ತೋ ಇಲ್ಲವೋ.

"ಕೋರ್ಟಲ್ಲಿ ಇದನ್ನ ಹೇಳೋಣ ಅಂತ ಎದ್ದೆ," ಅಂದಳು ಓಪಲ್. "ಬೇಡ ಅಂತ ನೋಡ್ದ."

ವರ್ನಾ ಪಿಸ್ತೂಲನ್ನು ಒರೆಸಿ, ಗಾಜಿನ ಪೆಟ್ಟಿಗೆಯೊಳಗೆ, ಇನ್ನೂ ಮಾರಾಟವಾಗದೆ ಬಿದ್ದಿದ್ದ ಹಗುರದ್ದರ ಪಕ್ಕಕ್ಕಿಟ್ಟಳು. ಓಪಲ್ ಬಾಗಿಲ ತನಕ ಹೋದವಳು ಗಾರ್ಲೆಂಡನ ಹತ್ತಿರ ಒಂದು ಗಳಿಗೆ ನಿಂತಳು. ಏನೋ ಹೇಳುತ್ತಾಳೆ ಎಂದುಕೊಂಡೆ. ಗಾರ್ಲೆಂಡ್ ತಲೆ ತಗ್ಗಿಸಿ, ಬಗ್ಗಿ, ತನ್ನ ಬೂಟಿನ ಲೇಸು ಹಿಡಿದುಕೊಂಡ. ಅವಳು ಕಂಡೂ ಕಾಣದಂತೆ ದಾಟಿ ಹೋದಳು.