ಓರಗಿತ್ತಿ ಕಥೆ ನಿಲ್ಲಿಸುತ್ತಿದ್ದ ಜಾಗ

ಹೊಟ್ಟೆಕಿಚ್ಚಿನ ವಿಷಯ ಬರೆಯುವಾಗ ಮರ್ಯಾದೆ ನೋಡಿಕೊಂಡರೆ ಆಗುವುದಿಲ್ಲ. ನನಗೆ ನನ್ನ ಓರಗಿತ್ತಿಯನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಅವಳ ಒಡವೆ ನೋಡಿ ಉರಿದುಕೊಂಡಿದ್ದರೆ ಅತ್ತೆಗಾದರೂ ಅರ್ಥವಾಗುತ್ತಿತ್ತೇನೋ. ನಾನು ಉರಿದುಕೊಂಡಿದ್ದು ಅವಳು ಹೇಳುತ್ತಿದ್ದ ಕಥೆಗಳಿಗೆ.

ಕಡೂರಿನಲ್ಲಿ ಪಿಯುಸಿ ಓದಿ, ಎಪ್ಪತ್ತರ ದಶಕದ ಕೊನೆಯಲ್ಲಿ ಶಿವನಿಯ ಈ ಮನೆಗೆ ಎರಡನೇ ಸೊಸೆಯಾಗಿ ಬಂದವಳು ನಾನು. ಟ್ರಂಕಿನಲ್ಲಿ ಸೀರೆಗಳ ಕೆಳಗೆ ನಾನು ಬರೆದ ಕಥೆಗಳಿದ್ದವು. ವಾರಪತ್ರಿಕೆಗಳಿಗೆ ಕಳಿಸುತ್ತಿದ್ದೆ, ಅಷ್ಟೇ ನಿಯತ್ತಾಗಿ ವಾಪಸು ಬರುತ್ತಿದ್ದವು. ಒಮ್ಮೆ ಜೊತೆಗೊಂದು ಚೀಟಿಯೂ ಬಂತು: ಭಾಷೆ ಚೆನ್ನಾಗಿದೆ, ಆದರೆ ಮುಂದೇನು ಎಂಬ ಕುತೂಹಲ ಹುಟ್ಟುವುದಿಲ್ಲ. ಓರಗಿತ್ತಿ ತರೀಕೆರೆ ಕಡೆಯವಳು, ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಅವಳ ಕಥೆ ಕೇಳಲು ಅರ್ಧ ಕೇರಿಯೇ ನಮ್ಮ ಪಡಸಾಲೆಗೆ ಬರುತ್ತಿತ್ತು.

ಬೇಸಿಗೆಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವ ಕೆಲಸ ನಮ್ಮಲ್ಲಿ ಮುಯ್ಯಿಯ ಮೇಲೆ ನಡೆಯುತ್ತಿತ್ತು. ನಿಮ್ಮ ಮನೆಯದಕ್ಕೆ ನಾವು ಬರುತ್ತೇವೆ, ನಮ್ಮ ಮನೆಯದಕ್ಕೆ ನೀವು ಬನ್ನಿ, ಅಷ್ಟೇ. ಆದರೆ ಮೊದಲು ಯಾರ ಮನೆಯದು ಎಂಬುದಕ್ಕೆ ಕಟ್ಟುಪಾಡಿರಲಿಲ್ಲ. ಮಳೆ ಬೀಳುವ ಮುಂಚೆ ತಮ್ಮದು ಮಡಕೆ ಸೇರಲಿ ಎಂದು ಎಲ್ಲರಿಗೂ ಆತುರ. ಪ್ರತಿವರ್ಷ ಮೊದಲು ಮುಗಿಯುತ್ತಿದ್ದುದು ನಮ್ಮದೇ. ಊಟ ಮುಗಿಸಿ ಬಂದ ಹೆಂಗಸರು ಕೂತು ಕಲ್ಲಿನ ಮೇಲೆ ಹಣ್ಣಿಟ್ಟರೆ ಸಾಕು, ಓರಗಿತ್ತಿ ಶುರುಮಾಡುತ್ತಿದ್ದಳು. ಕಥೆಯೊಳಗಿನ ಸೊಸೆ ಬಾಗಿಲು ತೆಗೆಯಲು ಹೋಗಿರುತ್ತಾಳೆ, ಹೊರಗೆ ನಿಂತವರು ಯಾರೋ ಗೊತ್ತಿಲ್ಲ, ಅಷ್ಟರಲ್ಲಿ ಇವಳು ಎಮ್ಮೆಗೆ ನೀರು ಕುಡಿಸಬೇಕೆಂದು ಸೆರಗು ಕೊಡವಿ ಎದ್ದುಬಿಡುತ್ತಿದ್ದಳು. ಬೈದುಕೊಂಡು ಹೋದವರೇ ಮರುದಿನ ಅರೆಬರೆ ಉಂಡು ಓಡಿಬರುತ್ತಿದ್ದರು. ಕಾಗದದ ಮೇಲೆ ನನಗೆ ಬಾರದ್ದನ್ನು ಅವಳು ಕೈಯೆಲ್ಲ ಹುಳಿ ಮಾಡಿಕೊಂಡು ಮಾಡುತ್ತಿದ್ದಳು. ಬಾಯಲ್ಲಿ ಅಕ್ಕ ಎನ್ನುತ್ತ ನಾನು ಒಳಗೊಳಗೇ ಕುದಿಯುತ್ತಿದ್ದೆ.

ಒಂದು ವರ್ಷ ಅವಳ ಕಥೆ ಬೀರೂರು ಜಂಕ್ಷನ್ನಿಗೆ ಬಂದು ನಿಂತಿತ್ತು. ಗಂಡನ ಮೇಲೆ ಮುನಿಸಿಕೊಂಡು ಹೊರಟ ಬಾಣಂತಿಯೊಬ್ಬಳು ನೀರು ಹಿಡಿಯಲು ಇಳಿದಿದ್ದಾಳೆ, ಮಗು ಸೀಟಿನ ಮೇಲೆ ಮಲಗಿದೆ, ರೈಲು ಹೊರಟಿತು. ಅವತ್ತೇ ಸಂಜೆ ತಂದೆಗೆ ಹುಷಾರಿಲ್ಲವೆಂದು ತರೀಕೆರೆಯಿಂದ ಆಳು ಬಂದ. ಓರಗಿತ್ತಿ ಉಟ್ಟ ಸೀರೆಯಲ್ಲೇ ಹೊರಟುಹೋದಳು.

ಮರುದಿನ ಹೆಂಗಸರು ಎಂದಿನಂತೆ ಬಂದರು. ಅವಳಿಲ್ಲವೆಂದು ತಿಳಿದು ಪಕ್ಕದ ಮನೆಯವಳು ನನ್ನ ಕಡೆ ತಿರುಗಿದಳು.

“ನೀನು ಓದ್ದೋಳಲ್ವೇನೇ? ಮುಂದ್ಕೇನಾಯ್ತು, ನೀನೇ ಹೇಳು.”

ಇದಕ್ಕೇ ಕಾದಿದ್ದವಳು ನಾನು. ಬೀರೂರಿನಿಂದ ಅಜ್ಜಂಪುರದ ಸ್ಟೇಷನ್ನಿಗೆ ಫೋನು ಮಾಡಿಸಿದೆ. ಒಳ್ಳೆಯ ಗಾರ್ಡೊಬ್ಬನನ್ನು ಹುಟ್ಟಿಸಿ ಮಗುವನ್ನು ಎತ್ತಿಸಿದೆ, ತಾಯಿಯ ಮಡಿಲಿಗೆ ಹಾಕಿಸಿದೆ. ಗಂಡನನ್ನೂ ಕರೆತಂದು ರಾಜಿ ಮಾಡಿಸಿದೆ. ಇಬ್ಬರು ಕಣ್ಣೊರೆಸಿಕೊಂಡರು. ಅವಳ ಕಥೆಯನ್ನು ಅವಳಿಲ್ಲದೆ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆನಲ್ಲ ಎಂದು ನನಗೆ ನೆಲ ಕಾಣದಷ್ಟು ಖುಷಿ.

ಮಾರನೆಯ ದಿನ ಒಬ್ಬಳೂ ಬರಲಿಲ್ಲ. ಎಲ್ಲರೂ ಪಕ್ಕದ ಮನೆಯ ಹುಣಸೆಹಣ್ಣಿಗೆ ಹೋಗಿದ್ದರು. ಪಡಸಾಲೆಯ ಮೂಲೆಯಲ್ಲಿ ನಮ್ಮ ರಾಶಿ ಹಾಗೇ ಬಿದ್ದಿತ್ತು.

“ಇನ್ನೊಂದ್ ನಾಲ್ಕ್ ದಿನ ಎಳ್ದಿದ್ರೆ ನಿನ್ ಗಂಟೇನ್ ಹೋಗ್ತಿತ್ತೇ?” ಎಂದರು ಅತ್ತೆ. ನಾವಿಬ್ಬರೇ ಕುಟ್ಟಲು ಕೂತೆವು. ಬೇಜಾರು ಕಳೆಯಲಿ ಎಂದು ನನ್ನ ಟ್ರಂಕಿನ ಕಥೆಯೊಂದನ್ನು ಹೇಳಲು ತೊಡಗಿದೆ. ಅತ್ತೆ ಅಲ್ಲೇ ಗೋಡೆಗೆ ಒರಗಿ ನಿದ್ದೆ ಹೋದರು.

ತಂದೆ ಗುಣವಾದ ಮೇಲೆ ಓರಗಿತ್ತಿ ಬಂದಳು. ಚೀಲವನ್ನು ಜಗುಲಿಯ ಮೇಲಿಟ್ಟವಳೇ ಹಿತ್ತಲಿಗೆ ಬಂದಳು. ನಾನು ಬಟ್ಟೆ ಹಿಂಡುತ್ತಿದ್ದೆ.

“ಕಥೆ ನೀನೇ ಮುಗಿಸ್ದ್ಯಂತೆ? ಬಾಗ್ಲಲ್ಲೇ ಅತ್ತೆ ಅಂದ್ರು.”

ಜಗಳಕ್ಕೆ ಸಿದ್ಧಳಾದೆ. “ಹೂಂ. ಅವ್ರೇ ಕೇಳಿದ್ರು.”

“ಮಗು ಸಿಕ್ತೇನೇ?” ಎಂದಳು.

“ಅದು ನಿಂಗೇ ಗೊತ್ತಿರ್ಬೇಕಲ್ಲಕ್ಕ.”

“ನಂಗೇನ್ ಗೊತ್ತು? ಹೇಳ್ತಾ ಹೇಳ್ತಾ ತಾನೇ ಗೊತ್ತಾಗೋದು. ಅಪ್ಪನ್ ಪಕ್ಕ ಕೂತಿದ್ರೂ ಅದ್ರದ್ದೇ ಯೋಚ್ನೆ. ಯಾರ್ ಎತ್ಕೊಂಡ್ರೋ, ಹಾಲಿಗೆ ಎಷ್ಟ್ ಅಳ್ತೋ ಅಂತ.”

ಅಂದರೆ ಕಥೆ ನಿಲ್ಲಿಸಿದ ಜಾಗದಲ್ಲಿ ಅವಳೂ ಆ ಹೆಂಗಸರ ಜೊತೆಗೇ ನಿಂತಿರುತ್ತಿದ್ದಳು. ನಾನೋ, ಮೊದಲ ಸಾಲು ಬರೆಯುವ ಮುಂಚೆಯೇ ಕೊನೆಯ ಸಾಲನ್ನು ಇಟ್ಟುಕೊಂಡಿರುತ್ತಿದ್ದೆ. ಇದು ತಿಳಿದಾಗ ನನ್ನ ಹೊಟ್ಟೆಕಿಚ್ಚು ತಣಿಯಬೇಕಿತ್ತು, ಇನ್ನೂ ಹೆಚ್ಚಾಯಿತು. ಒಂದು ಸಲವಾದರೂ ಇವಳು ನನ್ನ ಬಾಯಿ ನೋಡುತ್ತ ಕಾಯಲಿ ಅನ್ನಿಸಿತು.

“ಬಟ್ಟೆ ಒಣಗಾಕ್ಬಿಟ್ಟು ಬತ್ತೀನಿ. ಒಳಗ್ ಕೂತಿರಕ್ಕ” ಎಂದೆ.

ಅವಳು ಒಳಗೆ ಹೋದಳು. ನಾನು ಒಂದೊಂದೇ ಬಟ್ಟೆಯನ್ನು ಕೊಡವಿ, ಸುಕ್ಕು ಬಿಡಿಸಿ, ಅಂಚಿಗೆ ಅಂಚು ಕೂಡಿಸಿ ಹರವಿದೆ. ಹರವಿದ್ದನ್ನೇ ತೆಗೆದು ಮತ್ತೆ ಹರವಿದೆ. ಅಷ್ಟು ಸುಖವಾಗಿ ನಾನು ಎಂದೂ ಬಟ್ಟೆ ಒಣಗಿಸಿದವಳಲ್ಲ.

ಒಳಗೆ ಬಂದಾಗ ಪಕ್ಕದ ಮನೆಯವಳು ಓರಗಿತ್ತಿಯ ಎದುರು ಕೂತಿದ್ದಳು. ಫೋನು, ಗಾರ್ಡು, ಗಂಡನ ರಾಜಿ, ಎಲ್ಲವನ್ನೂ ಆಗಲೇ ಹೇಳಿ ಮುಗಿಸಿದ್ದಳು. ಓರಗಿತ್ತಿ ತಲೆಯೆತ್ತಿ ನನ್ನನ್ನು ನೋಡಿದಳು. ಆ ಮುಖದಲ್ಲಿ ಕೋಪವೋ ಕೊಂಕೋ ಇದ್ದಿದ್ದರೆ ನಾನು ಜಗಳವಾಡಿ ಗೆಲ್ಲಬಹುದಿತ್ತು.

“ಅಷ್ಟ್ ಬೇಗ ಸಿಕ್ಬಿಡ್ತೇನೇ?” ಎಂದಳು.