ಉಗ್ರಪ್ಪನ ತೋಟದ ಒಡತಿ

ಅರಳಗುಪ್ಪೆ ದಾರಿಯ ಆ ತೆಂಗಿನ ತೋಟವನ್ನು ವನಜಾಕ್ಷಿ ಕೊಂಡು ಹದಿನೈದು ವರ್ಷವಾಗಿದೆ. ಬೋರು ಕೊರೆಸಿದವಳು ಅವಳು, ಹೊಸ ಸಸಿ ನೆಟ್ಟವಳು ಅವಳು, ಕಾಯಿಗೆ ನುಸಿ ಬಿದ್ದಾಗ ಮರದ ಬುಡದಲ್ಲಿ ಕೂತು ಅತ್ತವಳೂ ಅವಳೇ. ಊರಿನವರ ಬಾಯಲ್ಲಿ ಮಾತ್ರ ಅದು ಇವತ್ತಿಗೂ ‘ಉಗ್ರಪ್ಪನ ತೋಟ’. ಆ ಉಗ್ರಪ್ಪನೋ, ಇದನ್ನು ಮಾರಿ ತಿಪಟೂರು ಸೇರಿ, ಮೊಮ್ಮಕ್ಕಳಿಗೆ ಐಸ್‌ಕ್ರೀಮ್ ಕೊಡಿಸಿಕೊಂಡು ಹಾಯಾಗಿದ್ದಾನೆ. ವನಜಾಕ್ಷಿಗೆ ಹೊಟ್ಟೆ ಉರಿಯದೆ ಇನ್ನೇನು? ತನ್ನ ಹೆಸರಿನಲ್ಲಿ ಜನ ಒಂದು ಜಾಗವನ್ನು ಕರೆಯಬೇಕು, ತಾನದನ್ನು ಕಿವಿಯಾರೆ ಕೇಳಬೇಕು. ಅವಳಿಗಿದ್ದ ಆಸೆ ಇದೊಂದೇ.

ಗೇಟಿಗೆ ‘ವನಜಾಕ್ಷಿ ತೋಟ’ ಎಂದು ದೊಡ್ಡ ಹಸಿರು ಬೋರ್ಡು ಬರೆಸಿ ಹಾಕಿದಳು. ಟೀ ಅಂಗಡಿಯ ಭೈರಮ್ಮ ಅದನ್ನು ಕಣ್ತುಂಬ ನೋಡಿ, “ಉಗ್ರಪ್ಪನ ತೋಟಕ್ಕೆ ಬೋರ್ಡು ಒಳ್ಳೆ ಲಕ್ಷಣವಾಗೈತೆ ಕಣವ್ವ” ಅಂದಳು.

ಬಿಎ ಓದುವ ಅಕ್ಕನ ಮಗಳು ಇಂಪನಾ ರಜೆಗೆ ಬಂದಿದ್ದಳು. ಅಟ್ಟದಿಂದ ಇಳಿಸಿದ ಒಣಗಾಯಿ ಒಡೆದು ಕೊಬ್ಬರಿ ಬಿಡಿಸುತ್ತಾ ಚಿಕ್ಕಮ್ಮನ ಗೋಳು ಕೇಳಿದಳು.

“ನ್ಯೂಯಾರ್ಕಲ್ಲೂ ಇದೇ ಕಥೆ ಚಿಕ್ಕಮ್ಮ. ಮೊದ್ಲು ಅದು ಡಚ್ಚರ ಊರು, ನ್ಯೂ ಆಮ್‌ಸ್ಟರ್‌ಡಾಮ್. ಇಂಗ್ಲಿಷ್‌ನೋರು ಕಿತ್ಕೊಂಡು ಊರಿನ ಹೆಸ್ರು ಬದಲಾಯಿಸಿದ್ರು. ಆದ್ರೆ ಬ್ರೂಕ್ಲಿನ್, ಹಾರ್ಲೆಮ್ ಅಂತ ಡಚ್ಚರು ತಮ್ಮೂರಿಂದ ತಂದಿಟ್ಟ ಹೆಸ್ರು ಇವತ್ತಿಗೂ ಹಂಗೇ ಅವೆ. ಬೌರಿ ಅಂತ ಒಂದು ಬೀದಿ ಐತೆ. ಡಚ್ಚರ ಮಾತಲ್ಲಿ ಅದಕ್ಕೆ ಬೇಸಾಯದ ಜಮೀನು ಅಂತ ಅರ್ಥ. ಈಗಲ್ಲಿ ಬರೀ ಕಟ್ಟಡ.”

ವನಜಾಕ್ಷಿಯ ಕೈಯಲ್ಲಿದ್ದ ಕಾಯಿ ಅಲ್ಲೇ ನಿಂತಿತು. “ಅಂದ್ರೆ ಬಿಟ್ಟೋದೋರ ಹೆಸ್ರೇ ಗಟ್ಟಿ ಅನ್ನು! ಅಲ್ಲೂ ಉಗ್ರಪ್ಪಂದೇ ಕಾರುಬಾರು ಕಣೇ!”

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಂದಿನಿಂದ ಉಗ್ರಪ್ಪನಿಗೆ ಆ ಮನೆಯಲ್ಲಿ ‘ಡಚ್ಚಪ್ಪ’ ಎಂದೇ ನಾಮಕರಣವಾಯಿತು.

ನಗು ಇಳಿದ ಮೇಲೂ ಹಟ ಇಳಿಯಲಿಲ್ಲ. ದಿನಾ ಕಣ್ಣಿಗೆ ಕಾಣಿಸಿಕೊಂಡರೆ ಜನರ ಬಾಯಿಗೆ ತನ್ನ ಹೆಸರು ಬಂದೀತು ಎಂದು ಐವತ್ತರ ವಯಸ್ಸಿನಲ್ಲಿ ಸ್ಕೂಟರ್ ಕಲಿತಳು. ಒಂದು ಬೆಳಿಗ್ಗೆ ಮುಂದೆ ಕಾಯಿಮೂಟೆ ಇಟ್ಟುಕೊಂಡು ಜಂಭದಿಂದ ಹೊರಟವಳಿಗೆ, ತೋಟದ ಹತ್ತಿರದ ತಿರುವಿನಲ್ಲಿ ಬಸ್ಸು ಎದುರಾಯಿತು. ಪುಣ್ಯಾತ್ಗಿತ್ತಿ ಬ್ರೇಕ್ ಹಿಡಿಯುವುದು ಬಿಟ್ಟು ಎರಡೂ ಕೈ ಎತ್ತಿ ಡ್ರೈವರಿಗೆ ಮುಗಿದುಬಿಟ್ಟಳು! ಸ್ಕೂಟರ್ ಚರಂಡಿಗೆ, ಅವಳು ಬೇಲಿಗೆ, ಕಾಯಿಗಳು ಇಳಿಜಾರಿಗೆ. ಬಸ್ಸಿನಲ್ಲಿದ್ದವರೆಲ್ಲ ಇಳಿದು, ನಗುತ್ತಾ ಬಯ್ಯುತ್ತಾ, ಉರುಳಿಹೋಗುತ್ತಿದ್ದ ಕಾಯಿಗಳ ಹಿಂದೆ ಓಡಿದರು. ವನಜಾಕ್ಷಿಯ ಕಾಲಿಗೆ ಪ್ಲಾಸ್ಟರ್ ಬಿತ್ತು. ಮನೆಯಲ್ಲಿ ಬಿದ್ದುಕೊಂಡು, ಹೆಸರಿನ ಆಸೆಗೆ ಮಾನವೂ ಹೋಯಿತಲ್ಲ ಎಂದು ನಾಚಿ ಸತ್ತಳು.

ಪ್ಲಾಸ್ಟರ್ ಬಿಚ್ಚಿಸಿಕೊಂಡ ದಿನ ತಿಪಟೂರಿನಿಂದ ಬಸ್ಸಿನಲ್ಲಿ ವಾಪಸಾಗುತ್ತಿದ್ದಳು. ಕಂಡಕ್ಟರ್ ರವಿಕಿರಣ್ ಈ ರೂಟಿಗೆ ಹೊಸಬ. ತೋಟ ಹತ್ತಿರವಾಗುತ್ತಿದ್ದಂತೆ ಅವನು ಸೀಟಿ ಊದಿ ಕೂಗಿದ:

“ವನಜಾಕ್ಷಿ ತಿರುವು! ಯಾರ್ರೀ ವನಜಾಕ್ಷಿ ತಿರುವು, ಬೇಗ ಇಳ್ಕೊಳ್ರೀ!”

ಅವಳ ಮೈ ಜುಮ್ಮೆಂದಿತು. “ಎಲ್ಲಿ, ಇನ್ನೊಂದ್ಸಲ ಹೇಳಪ್ಪ?”

“ವನಜಾಕ್ಷಿ ತಿರುವು ಕಣಮ್ಮ.”

“ಯಾರಪ್ಪ ಅವ್ಳು ವನಜಾಕ್ಷಿ?”

“ನಂಗೇನ್ ಗೊತ್ತು? ನಾ ಬರೋಕ್ ಮುಂಚಿಂದ್ಲೂ ಎಲ್ರೂ ಹಂಗೇ ಅಂತಾರೆ. ಯಾರೋ ಹಳೇ ಕಾಲದೋರಿರ್ಬೇಕು.”

“ಹೂಂ ಕಣಪ್ಪ, ಡಚ್ಚರ ಕಡೆ ಹೆಂಗಸಂತೆ.”

ಹಿಂದಿನ ಸೀಟಿನವರು ಮುಸಿಮುಸಿ ನಕ್ಕರು. ವನಜಾಕ್ಷಿಗೆ ಕುಣಿಯಬೇಕೆನ್ನಿಸಿತು, ಕಾಲು ಒಪ್ಪಲಿಲ್ಲ. ಕುಂಟುತ್ತಾ ಇಳಿಯುತ್ತಿದ್ದವಳ ಚೀಲವನ್ನು ಕೈಗೆ ಕೊಡುತ್ತಾ ರವಿಕಿರಣ್ ಕನಿಕರದಿಂದ ಕೇಳಿದ, “ಇಲ್ಲಿಂದ ಎಲ್ಲಿಗೋಗ್ಬೇಕಮ್ಮ ನೀವು?”

ಹಿಗ್ಗಿನಲ್ಲಿ ಅವಳಿಗೆ ಮೈಮೇಲೆ ಎಚ್ಚರವೇ ಇರಲಿಲ್ಲ.

“ಇಲ್ಲೇ ಕಣಪ್ಪ,” ಅಂದಳು, “ಉಗ್ರಪ್ಪನ ತೋಟಕ್ಕೆ.”