ಬೇರೆ ಬಸ್ಸಿನಲ್ಲಿ ಹೋದ ಮಲ್ಲಿಗೆ

ಬಂಟ್ವಾಳ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಆ ಬೆಳಿಗ್ಗೆ ನಾನು, ಹೋಟೆಲಿನ ಭಟ್ಟರು, ಅಳದಂಗಡಿ ಕಡೆಯ ಬೇಸಾಯಗಾರ ತಿಮ್ಮಪ್ಪಣ್ಣ, ಇಷ್ಟೇ ಜನ. ಸಂಜೆ ತಿಮ್ಮಪ್ಪಣ್ಣನ ಮಗಳನ್ನು ನೋಡಲು ಮೂಡುಬಿದಿರೆಯಿಂದ ಗಂಡಿನವರು ಬರುವವರಿದ್ದರು. ಅವಳ ಮುಡಿಗೆಂದು ಕೊಂಡ ಮಲ್ಲಿಗೆಯನ್ನು ತಿಮ್ಮಪ್ಪಣ್ಣ ಹೆಗಲ ಮೇಲಿನ ಬೈರಾಸು ಟವೆಲಿನಲ್ಲಿ ಸುತ್ತಿ, ಬಸ್ಸಿನ ಕಿಟಕಿಯಿಂದ ಸೀಟಿನ ಮೇಲಿಟ್ಟು ಕಾಫಿಗೆ ಬಂದಿದ್ದರು. ಬೈರಾಸು ಬಿದ್ದ ಸೀಟಿನಲ್ಲಿ ಇಲ್ಲಿ ಬೇರೆ ಯಾರೂ ಕೂರುವುದಿಲ್ಲ.

ಒಂದು ಬಸ್ಸು ಹೊರಟಿತು.

"ನಿಮ್ಮದಲ್ವಾ ಅದು?" ಎಂದೆ.

"ಅದು ಮೂಡುಬಿದಿರೆಗೆ. ನನ್ನದು ಹಿಂದಿನದ್ದು," ಎನ್ನುತ್ತಾ ಇಣುಕಿದವರ ಮುಖ ಬಾಡಿತು. ಹಿಂದಿನ ಬಸ್ಸಿನ ಸೀಟು ಬರಿದಾಗಿತ್ತು. "ಅಯ್ಯೋ ಭಟ್ರೇ, ಹೂ ಅದರಲ್ಲೇ ಹೋಯ್ತು!"

ಹೂವಿನವಳು ಆಗಲೇ ಬುಟ್ಟಿ ಖಾಲಿ ಮಾಡಿ ಮನೆಗೆ ಹೋಗಿದ್ದಳು.

"ಕಂಡಕ್ಟರ್ ನಿಮ್ಮ ಗುರ್ತದವ. ಮುಟ್ಟಿಸ್ತಾನೆ," ಎಂದರು ಭಟ್ಟರು.

"ಇವತ್ತೇ ಮುಟ್ಟಬೇಕಲ್ಲ ಮಾರಾಯ್ರೆ! ಬೋಳು ತಲೆಯಲ್ಲಿ ಹುಡುಗಿಯನ್ನು ತೋರಿಸುವುದು ಹೇಗೆ?"

"ಮೊದಲು ನೀವು ಬಸ್ಸು ಹತ್ತಿ. ಇದೂ ತಪ್ಪಿದ್ರೆ ತೋರಿಸ್ಲಿಕ್ಕೆ ಹೆಣ್ಣಿನ ಅಪ್ಪನೂ ಇರುವುದಿಲ್ಲ."

ಮುಂದಿನ ತಿಂಗಳು ಅದೇ ದಾರಿಯಲ್ಲಿ ಬಂದಾಗ ಭಟ್ಟರು ಉಳಿದದ್ದನ್ನು ಹೇಳಿದರು. ಆ ಬಸ್ಸಿನಲ್ಲಿ ಮುದುಕರು ಕೂಡ ಮೂಡುಬಿದಿರೆಯವರೆಗೆ ನಿಂತೇ ಹೋದರಂತೆ, ಬೈರಾಸನ್ನು ಯಾರೂ ಸರಿಸಲಿಲ್ಲ. ಅಲ್ಲಿ ಕಂಡಕ್ಟರ್ ಬೈರಾಸಿನ ಗುರ್ತ ಹಿಡಿದು ಆ ಕಟ್ಟನ್ನು, ಅಳದಂಗಡಿಗೆ ಹೊರಟು ನಿಂತಿದ್ದ ಒಬ್ಬ ಹೆಂಗಸಿನ ಕೈಗೆ ಕೊಟ್ಟು, "ತಿಮ್ಮಪ್ಪಣ್ಣನ ಮನೆಗೆ ಮುಟ್ಟಿಸಿ ಅಮ್ಮ," ಎಂದನಂತೆ.

ಆಕೆ ಗಂಡಿನ ತಾಯಿ. ಸಂಜೆ ಹುಡುಗಿಗೆ ಆ ಮಲ್ಲಿಗೆಯನ್ನು ಮುಡಿಸಿದವರೂ ಅವರೇ.